ಮೊಂಟೆಪುಲ್ಚಾನೊದಲ್ಲಿ ಗಿರಿಜಾಳ ನಿದ್ದೆ

ನಮ್ಮ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ತೆರೆದರೆ ಪಾತ್ರೆ ತೊಳೆಯುವ ಸೋಪಿನ ಡಬ್ಬ ಕಾಣುತ್ತದೆ, ಹಳೆಯ ಪ್ಲಾಸ್ಟಿಕ್ ಚೀಲಗಳನ್ನು ತುರುಕಿಟ್ಟ ಇನ್ನೊಂದು ಪ್ಲಾಸ್ಟಿಕ್ ಚೀಲ ಕಾಣುತ್ತದೆ, ಅದರ ಹಿಂದೆ ಒಂದು ವೈನ್ ಬಾಟಲಿ ಕಾಣುತ್ತದೆ. ನಮ್ಮ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ಮತ್ತೆ ಬಾಟಲಿ ಯಾಕೆ ಎಂದು ನೀವು ಕೇಳಿದರೆ, ನೀವು ಆಸ್ಟ್ರೇಲಿಯಾದಲ್ಲಿ ಸಂಸಾರ ಮಾಡಿದವರಲ್ಲ ಎಂದು ಆ ಕ್ಷಣವೇ ಗೊತ್ತಾಗಿಬಿಡುತ್ತದೆ.

ಇಲ್ಲಿ ಡಿಸೆಂಬರ್ ಬಂತೆಂದರೆ ಆಫೀಸಿನಲ್ಲಿ ಯಾರಾದರೂ ಒಂದು ಬಾಟಲಿ ತಂದು ಕೈಗಿಡುತ್ತಾರೆ. ಬೇಡ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಸರಿ, ಮನೆಗೆ ತಂದು ಸಿಂಕಿನ ಕೆಳಗೆ ಇಡುತ್ತೇವೆ. ದೇವರ ಗೂಡಿನಿಂದ ಅದೇ ಅತಿ ದೂರದ ಜಾಗ. ಆಮೇಲೆ ಯಾರಾದರೂ ಊಟಕ್ಕೆ ಕರೆದಾಗ ಅದನ್ನೇ ಮಿರುಗುವ ಚೀಲವೊಂದಕ್ಕೆ ಹಾಕಿ ಒಯ್ದು ಕೊಡುತ್ತೇವೆ. ಅವರೂ ನಮ್ಮಂಥವರೇ ಆಗಿದ್ದರೆ ಅದು ಅವರ ಸಿಂಕಿನ ಕೆಳಗೆ ಹೋಗುತ್ತದೆ, ಅಲ್ಲಿಂದ ಇನ್ನೊಬ್ಬರ ಸಿಂಕಿಗೆ. ಊರಲ್ಲಿ ಗೌರಿ ಹಬ್ಬದ ರವಿಕೆ ಕಣ ಮನೆಯಿಂದ ಮನೆಗೆ ಸುತ್ತುತ್ತಿತ್ತಲ್ಲ, ಹಾಗೆ. ಹೊಲಿಸಿದವರೂ ಇಲ್ಲ, ತೊಟ್ಟವರೂ ಇಲ್ಲ.

ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿರುವ ನನ್ನ ಕಾಲೇಜು ಗೆಳೆಯ ಮೂರ್ತಿಯ ಗೃಹಪ್ರವೇಶಕ್ಕೆ ನಾವು ಸಿಡ್ನಿಯಿಂದ ಒಯ್ದುಕೊಟ್ಟ ಬಾಟಲಿ, ನಾಲ್ಕು ವರ್ಷದ ಮೇಲೆ, ಈ ಮೇ ತಿಂಗಳಲ್ಲಿ ಅವನ ಕೈಯಿಂದಲೇ ನಮಗೆ ವಾಪಸು ಬಂತು. ಗುರುತು ಸಿಕ್ಕಿದ್ದು ಲೇಬಲ್ಲಿನಿಂದ. ಬೆಲೆಯ ಚೀಟಿ ಕೀಳಲು ಹೋಗಿ ನನ್ನ ಹೆಂಡತಿ ಗಿರಿಜಾ ಉಗುರಿನಲ್ಲಿ ಅದರ ಮೂಲೆ ಹರಿದಿದ್ದಳು. ಹರುಕು ಹಾಗೇ ಇತ್ತು. ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಆ ಲೇಬಲ್ಲಿನ ಚಿತ್ರವನ್ನೇ ನೋಡುತ್ತಿದ್ದಳು. ಒಂದು ಗುಡ್ಡ, ಗುಡ್ಡದ ಮೈತುಂಬ ಕಲ್ಲಿನ ಮನೆಗಳು, ತುದಿಯಲ್ಲೊಂದು ಗೋಪುರ. ಕೆಳಗೆ ಊರಿನ ಹೆಸರು, ಮೊಂಟೆಪುಲ್ಚಾನೊ.

"ನಮ್ ದುರ್ಗ ಇದ್ದಂಗೈತೆ ನೋಡ್ರಿ," ಅಂದಳು.

ಗಿರಿಜಾ ಚಿತ್ರದುರ್ಗದವಳು. ಕೋಟೆಯ ಬುಡದಲ್ಲೇ ಅವರ ಮನೆ. ಸಿಡ್ನಿಯಲ್ಲಿ ಎಲ್ಲರಂತೆ ಬೆಂಗಳೂರಿನ ಕನ್ನಡ ಆಡುತ್ತಾಳೆ, ತೀರಾ ಸುಸ್ತಾದಾಗ ಮಾತ್ರ ಮಾತು ದುರ್ಗಕ್ಕೆ ಹೋಗಿಬಿಡುತ್ತದೆ. ನಾನು ಅದನ್ನು ಗಮನಿಸಬೇಕಿತ್ತು. ನಾನು ಗಮನಿಸಿದ್ದು ಊರಿನ ಹೆಸರನ್ನು. ಹೇಗೂ ಜೂನ್ ಕೊನೆಯಲ್ಲಿ ಇಟಲಿಗೆ ಹೊರಟಿದ್ದೆವು, ಅಂದು ರಾತ್ರಿಯೊಳಗೆ ಅದನ್ನೂ ನನ್ನ ಎಕ್ಸೆಲ್ ಹಾಳೆಗೆ ಸೇರಿಸಿದೆ.

ನಾನು ನಾರ್ತ್ ಸಿಡ್ನಿಯ ಒಂದು ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಈ ಕಸುಬಿನವರಿಗೆ ಒಂದು ಖಾಯಿಲೆ ಇರುತ್ತದೆ. ಯಾವುದನ್ನೇ ಆಗಲಿ ಚೌಕದೊಳಗೆ ಬರೆದು, ಮುಗಿದ ಮೇಲೆ ಅದಕ್ಕೆ ಹಸಿರು ಬಣ್ಣ ಹಚ್ಚದಿದ್ದರೆ ಊಟ ಸೇರುವುದಿಲ್ಲ. ಮಗಳು ಮೇಘಾ ಹುಟ್ಟಿದಾಗ ಡೈಪರಿಗೂ ಒಂದು ಹಾಳೆ ಇಟ್ಟಿದ್ದೆ. ಈಗ ಮೆಲ್ಬರ್ನಿನಲ್ಲಿ ಓದುತ್ತಿರುವ ಅವಳು ಅದನ್ನು ಗೆಳತಿಯರಿಗೆಲ್ಲ ಹೇಳಿ ನಗಿಸುತ್ತಾಳೆ.

ಗಿರಿಜಾ ವೆಸ್ಟ್‌ಮೀಡಿನಲ್ಲಿ, ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಹೋದ ವರ್ಷ ಅವರ ವಾರ್ಡಿನ ಮ್ಯಾನೇಜರ್ ಬಿಟ್ಟು ಹೋದಾಗ ಇವಳನ್ನೇ ಆ ಕುರ್ಚಿಯಲ್ಲಿ ತಾತ್ಕಾಲಿಕವಾಗಿ ಕೂರಿಸಿದರು. ಎಂಟು ತಿಂಗಳು ಕೂತಳು. ಬೆಳಿಗ್ಗೆ ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಫೋನು. ಒಬ್ಬಳಿಗೆ ಜ್ವರ, ಇನ್ನೊಬ್ಬಳ ಮಗುವಿಗೆ ಜ್ವರ, ಬದಲಿಗೆ ಯಾರನ್ನು ಹಾಕುವುದು ಎಂದು ಇವಳು ಹತ್ತು ಜನಕ್ಕೆ ಫೋನು ಮಾಡುವಷ್ಟರಲ್ಲಿ ಸಾಸಿವೆ ಕರಿ. ಭಾನುವಾರ ಸೋಫಾದ ಮೇಲೆ ಕೂತು ಕಾಳು ಬಿಡಿಸುತ್ತಾ ಬಿಡಿಸುತ್ತಾ ನಿದ್ದೆ ಹೋಗುತ್ತಿದ್ದಳು. ಅವರೆಕಾಳು ಅವಳ ಮಡಿಲಿಂದ ಉರುಳಿ ಟಿವಿಯ ಕೆಳಗೆ ಹೋಗುತ್ತಿತ್ತು. ಮೇ ತಿಂಗಳಲ್ಲಿ ಆ ಕೆಲಸವನ್ನು ಅವಳಿಗೇ ಖಾಯಂ ಕೊಡುತ್ತೇವೆ ಎಂದು ಪತ್ರ ಬಂತು. ಜುಲೈ ಮೊದಲ ಶುಕ್ರವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು.

"ರೀ, ನನಗೆ ಅದು ಬೇಡ ಅನ್ಸತ್ತೆ," ಅಂದಳು ಒಂದು ಸಂಜೆ ಅಡುಗೆಮನೆಯಲ್ಲಿ. "ವಾರಕ್ಕೆ ಮೂರು ದಿನ ಮಾಡ್ಕೊಂಡು ಇದ್ಬಿಡ್ಲಾ ಅಂತ ಇದೀನಿ."

ನಾನು ಲ್ಯಾಪ್‌ಟಾಪಿನಲ್ಲಿ ಫ್ಲಾರೆನ್ಸಿನ ಹೋಟೆಲುಗಳನ್ನು ನೋಡುತ್ತಿದ್ದೆ. "ಹೂಂ, ಮಾತಾಡೋಣ ಅದನ್ನ. ಇಲ್ಲಿ ನೋಡು, ಇದರಲ್ಲಿ ರೂಮಲ್ಲೇ ಕೆಟಲ್ ಇದೆ," ಅಂದೆ.

ಮಾತಾಡಲಿಲ್ಲ. ಅದಾದ ಶನಿವಾರ ಮಗಳನ್ನು ನೋಡಲು ಮೆಲ್ಬರ್ನಿಗೆ ಹೋದವರು ಭಾನುವಾರ ಮಧ್ಯಾಹ್ನ ಮೂರ್ತಿಯ ಮನೆಗೆ ಊಟಕ್ಕೆ ಹೋದೆವು. ಮೂರ್ತಿ ಹೊಸ ಕಾರಿನ ವಿಷಯ ಹೇಳಿದ. ಹೇಳಿಕೊಳ್ಳುವುದಕ್ಕೆ ನನ್ನ ಹತ್ತಿರವೂ ಏನಾದರೂ ಇರಬೇಕಲ್ಲ. "ನಮ್ಮ ಗಿರಿಜಾ ಮ್ಯಾನೇಜರ್ ಆಗ್ತಿದಾಳೆ ಕಣೋ, ಪರ್ಮನೆಂಟ್," ಅಂದೆ. ಮೂರ್ತಿ ಎದ್ದು ನಿಂತು ಅವಳ ಕೈ ಕುಲುಕಿದ. "ಕಂಗ್ರಾಟ್ಸ್ ಮೇಡಂ. ಇವನು ಇಷ್ಟು ವರ್ಷದಿಂದ ಮ್ಯಾನೇಜರ್ ಅಂತಾನೆ, ಒಂದು ದಿನಾನೂ ನಂಬಿಕೆ ಬರ್ಲಿಲ್ಲ. ನೀವು ನಿಜವಾದೋರು," ಅಂದ. ಎಲ್ಲರೂ ನಕ್ಕೆವು. ಗಿರಿಜಾ ಕೇಸರಿಬಾತಿನ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನು ಯಾರಿಗೆ ಬೇಕು ಎಂದು ಕೇಳಿದಳು. ಆ ಬಾಟಲಿ ಬಂದದ್ದು ಅವತ್ತೇ, ನಾವು ಹೊರಡುವಾಗ.

ಇಟಲಿಗೆ ನಾವು ಒಯ್ದ ಸಾಮಾನಿನ ಬಗ್ಗೆ ಹೇಳಿದರೆ ನಿಮಗೆ ನಗು ಬರುತ್ತದೆ, ಅಥವಾ ನೀವೂ ಅದನ್ನೇ ಒಯ್ದಿರುತ್ತೀರಿ. ಪುಟ್ಟ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ನಿಂಬೆಕಾಯಿ ಉಪ್ಪಿನಕಾಯಿ. ಫ್ಲಾರೆನ್ಸಿನ ಹೋಟೆಲಿನಲ್ಲಿ ಕುಕ್ಕರ್ ಹಾಕಿದ ಕೂಡಲೇ ಇಡೀ ಮಹಡಿಯ ಕರೆಂಟು ಹೋಯಿತು. ನಾವಿಬ್ಬರೂ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತೆವು, ಹೊರಗೆ ಯಾರೋ ಇಟಾಲಿಯನ್ನಿನಲ್ಲಿ ಬೈಯುತ್ತಿದ್ದರು. ಭಾಷೆ ಗೊತ್ತಿಲ್ಲದಿದ್ದರೂ ಬೈಗುಳ ಚೆನ್ನಾಗಿ ಅರ್ಥವಾಗುತ್ತದೆ. ಅರೆಬೆಂದ ಅನ್ನಕ್ಕೆ ಗೊಜ್ಜು ಕಲಸಿ ತಿಂದು ಮಲಗಿದೆವು.

ಮಿಕ್ಕಂತೆ ಹನ್ನೊಂದು ದಿನವೂ ನಾನು ಹಾಳೆ ಹಿಡಿದು ನಡೆದೆ, ಗಿರಿಜಾ ನಿದ್ದೆ ಮಾಡಿದಳು. ರೈಲಿನಲ್ಲಿ, ಬಸ್ಸಿನಲ್ಲಿ, ಮ್ಯೂಸಿಯಮ್ಮಿನ ಬೆಂಚಿನ ಮೇಲೆ, ಚರ್ಚಿನ ಕಂಬಕ್ಕೆ ಒರಗಿಕೊಂಡು. ರೋಮಿನಲ್ಲಿ ಕಾಫಿ ಬರುವಷ್ಟರೊಳಗೆ ಒಂದು ಸುತ್ತು ನಿದ್ದೆ ಮುಗಿಸಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ದೂರ ಬಂದು ಮಲಗುವುದೇ?

"ಗಿರಿಜಾ, ನೋಡಿಲ್ಲಿ. ಸೂರ್ಯಕಾಂತಿ ಹೊಲ."

ಅವಳು ಕಣ್ಣು ಬಿಡುತ್ತಿದ್ದಳು. "ಹೂಂ ರೀ, ಚೆನ್ನಾಗಿದೆ." ಕಣ್ಣು ಮುಚ್ಚುತ್ತಿದ್ದಳು.

ಮಲಗಿದವರನ್ನು ಎಬ್ಬಿಸಿ ಜಗತ್ತು ತೋರಿಸುವ ಈ ಚಾಳಿ ನನಗೆ ಅಪ್ಪನಿಂದ ಬಂದದ್ದು. ನಂಜನಗೂಡಿನಲ್ಲಿ ಮೇಷ್ಟರಾಗಿದ್ದ ಅಪ್ಪ ಬೇಸಿಗೆ ರಜೆಗೊಮ್ಮೆ ನಮ್ಮನ್ನು ಕೆಂಪು ಬಸ್ಸಿನಲ್ಲಿ ಪ್ರವಾಸ ಕರೆದೊಯ್ಯುತ್ತಿದ್ದರು. ಅವರ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಕಾಗದ, ಅದರಲ್ಲಿ ನೋಡಬೇಕಾದ ಸ್ಥಳಗಳು ಒಂದರ ಕೆಳಗೊಂದು. "ಏಳ್ರೋ, ಮಲಗೋಕೆ ಬಂದಿದೀರೇನ್ರೋ," ಎಂದು ಪ್ರತಿ ಊರಿಗೂ ತಲೆ ಸವರಿ ಎಬ್ಬಿಸುವರು. ಎರಡನೇ ಸಲಕ್ಕೆ ಸವರುವುದು ಹೋಗಿ ಕಿವಿ ಹಿಂಡುವುದು. ಬೇಲೂರಿನಲ್ಲಿ ನಾನು ಶಿಲಾಬಾಲಿಕೆಯೊಬ್ಬಳ ಕೆಳಗೆ ನಿಂತಲ್ಲೇ ತೂಕಡಿಸಿ ಮುಂದಿದ್ದ ಯಾತ್ರಿಕರ ಬೆನ್ನ ಮೇಲೆ ಬಿದ್ದಿದ್ದೆ. ಅಮ್ಮ ಹೊರಗೆ ನಮ್ಮ ಚಪ್ಪಲಿ ಮತ್ತು ಬುತ್ತಿಯ ಚೀಲ ಕಾಯುತ್ತಾ ಕೂತಿರುತ್ತಿದ್ದಳು. ಎಲ್ಲ ಊರಿನಲ್ಲೂ ಅವಳು ಹೊರಗೇ. ಒಳಗೆ ಹೋಗಿ ನೋಡಬೇಕು ಅನ್ನಿಸಿತ್ತೋ, ಇಲ್ಲ ಮನೆಯಲ್ಲೇ ಇದ್ದಿದ್ದರೆ ಸಾಕಿತ್ತು ಅನ್ನಿಸಿತ್ತೋ, ಅವಳನ್ನು ಯಾರಾದರೂ ಕೇಳಿದ ನೆನಪು ನನಗಿಲ್ಲ.

ಮೊಂಟೆಪುಲ್ಚಾನೊಗೆ ನಾವು ಗುರುವಾರ ಸಂಜೆ ಬಂದು ಊರ ಬಾಗಿಲಿನ ಕೆಳಗೆ ಒಂದು ರೂಮು ಹಿಡಿದೆವು. ಮರುದಿನವೇ ಒಪ್ಪಿಗೆ ತಿಳಿಸಬೇಕಾದ ಆ ಶುಕ್ರವಾರ. ಸಿಡ್ನಿಯ ಸಂಜೆ ಐದು ಅಂದರೆ ಇಟಲಿಯ ಬೆಳಿಗ್ಗೆ ಒಂಬತ್ತು. ಇಂಥ ಲೆಕ್ಕ ನನಗೆ ನಿದ್ದೆಯಲ್ಲೂ ತಪ್ಪುವುದಿಲ್ಲ. ಒಂಬತ್ತಕ್ಕೆ ಐದು ನಿಮಿಷ ಇದ್ದಾಗ ತಿಂಡಿಯ ಮೇಜಿನಲ್ಲಿ ಅವಳ ಮುಖ ನೋಡಿದೆ. ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದಳು. ಒಂಬತ್ತಾಯಿತು. ಊರಿನ ಗಂಟೆ ಹೊಡೆಯಿತು. ಅವಳು ಕಾಫಿ ಮುಗಿಸಿ, "ಹೊರಡೋಣ್ವಾ?" ಅಂದಳು.

ಅಲ್ಲಿಗೆ ಆಯಿತು, ಒಪ್ಪಿಕೊಂಡಿದ್ದಾಳೆ ಅಂದುಕೊಂಡೆ. ಬೇಡವಾಗಿದ್ದರೆ ಹೇಳುತ್ತಿರಲಿಲ್ಲವೇ? ನಾನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ಎಲ್ಲಿ ಬೇರೆ ಉತ್ತರ ಬರುತ್ತದೋ ಎಂಬ ಅಳುಕು ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಮಾತ್ರ ಅದಕ್ಕೆ ನಂಬಿಕೆ ಎಂದು ಹೆಸರಿಟ್ಟುಕೊಂಡಿದ್ದೆ.

ಆ ಊರಿಗೆ ಇರುವುದು ಒಂದೇ ಬೀದಿ ಅಂದರೂ ತಪ್ಪಿಲ್ಲ, ಅದು ಬುಡದಿಂದ ತುದಿಯವರೆಗೆ ಏರುತ್ತಲೇ ಹೋಗುತ್ತದೆ. ಎರಡೂ ಕಡೆ ತಂಪಾದ ಕಲ್ಲುಗೋಡೆ, ನಡುವೆ ಕಲ್ಲುಹಾಸು, ಹತ್ತು ಹೆಜ್ಜೆಗೊಂದು ವೈನ್ ಅಂಗಡಿ. ವರ್ಷಕ್ಕೊಮ್ಮೆ ಭಾರೀ ಪೀಪಾಯಿಗಳನ್ನು ಈ ಏರಿನಲ್ಲಿ ಉರುಳಿಸಿಕೊಂಡು ಹೋಗುವ ಪಂದ್ಯ ನಡೆಯುತ್ತದಂತೆ. ನಾನು ನನ್ನ ಹೊಟ್ಟೆಯನ್ನು ಉರುಳಿಸಿಕೊಂಡು ಹೋಗುವುದೇ ಒಂದು ಪಂದ್ಯವಾಗಿತ್ತು. ಬಲಮೊಣಕಾಲು ಕಟಕಟ ಅನ್ನುತ್ತಿತ್ತು. ಗಿರಿಜಾ ಮಾತ್ರ ಕೋಟೆ ಹತ್ತಿ ಬೆಳೆದವಳು, ಅವಸರವಿಲ್ಲದೆ, ನಿಲ್ಲದೆ ಹತ್ತಿದಳು. ನಾನು ಏದುಸಿರು ಬಿಡುತ್ತಾ ಗೋಡೆ ಹಿಡಿದು ನಿಂತಿದ್ದಾಗ ಒಂದು ಪುಟ್ಟ ಬಸ್ಸು ಮುದುಕಿಯರನ್ನು ತುಂಬಿಕೊಂಡು ನನ್ನನ್ನು ದಾಟಿ ಮೇಲಕ್ಕೆ ಹೋಯಿತು. ಬಸ್ಸಿರುವುದು ನನ್ನ ಹಾಳೆಯಲ್ಲಿರಲಿಲ್ಲ.

ದಾರಿಯ ನಡುವೆ ನಾನು ಒಂದು ವೈನ್ ನೆಲಮಾಳಿಗೆಯಲ್ಲಿ ರುಚಿ ನೋಡುವುದಕ್ಕೆ ಬುಕ್ ಮಾಡಿದ್ದೆ. ಕುಡಿಯದವರಿಗೆ ಅದೇಕೆ ಅಂದರೆ, ಮೂರ್ತಿ ಕೇಳಿದರೆ ಹೇಳುವುದಕ್ಕೆ ಬೇಕಿತ್ತು. ಒಬ್ಬರಿಗೆ ಮಾತ್ರ ಬುಕ್ ಮಾಡಿದ್ದೆ, ಇಬ್ಬರೂ ಒಂದೊಂದು ಹನಿ ನೋಡಿದರೆ ಆಯಿತಲ್ಲ. ಮೆಟ್ಟಿಲು ಇಳಿಯುತ್ತಾ ಇಳಿಯುತ್ತಾ ಚಳಿ ಹೆಚ್ಚಾಯಿತು. ಬಂಡೆ ಕೊರೆದು ಮಾಡಿದ ಕೋಣೆಗಳು, ನಮ್ಮ ಅಡುಗೆಮನೆಗಿಂತ ದೊಡ್ಡ ಪೀಪಾಯಿಗಳು. ಹುಣಸೆಹಣ್ಣು ತುಂಬಿಟ್ಟ ಹಳೆಯ ಉಗ್ರಾಣದ ವಾಸನೆ. ಸಿಲ್ವಿಯಾ ಎಂಬ ಬೆಳ್ಳಿಕೂದಲಿನ ಹೆಂಗಸು ಒಂದು ದೊಡ್ಡ ಗ್ಲಾಸಿನ ತಳಕ್ಕೆ ಸ್ವಲ್ಪವೇ ಸ್ವಲ್ಪ ಕೆಂಪು ವೈನ್ ಹಾಕಿ, ಆಡಿಸಬೇಕು, ಮೂಸಬೇಕು, ಆಮೇಲೆ ಗುಟುಕರಿಸಬೇಕು ಎಂದು ಇಂಗ್ಲಿಷಿನಲ್ಲಿ ತಿಳಿಹೇಳಿದಳು.

ಗ್ಲಾಸು ಒಂದು, ನಾವು ಇಬ್ಬರು. ಎಂಜಲಿನ ವಿಷಯದಲ್ಲಿ ಗಿರಿಜಾಳ ತವರುಮನೆ ಬಹಳ ಕಟ್ಟುನಿಟ್ಟು, ಚೊಂಬಿಗೆ ತುಟಿ ತಾಗಿಸಿದರೆ ಅವರಜ್ಜಿ ಅದನ್ನು ಅಂಗಳಕ್ಕೆ ಎಸೆಯುತ್ತಿದ್ದರಂತೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಗ್ಲಾಸನ್ನು ಮೇಲಕ್ಕೆತ್ತಿ, ತಲೆ ಹಿಂದಕ್ಕೆ ವಾಲಿಸಿ, ಒಂದು ಗೇಣು ಎತ್ತರದಿಂದ ತೆಳ್ಳಗೆ ಬಾಯಿಗೆ ಸುರಿದುಕೊಂಡಳು. ಒಂದು ಹನಿ ಚೆಲ್ಲಲಿಲ್ಲ. ಉಳಿದದ್ದನ್ನು ನನಗೆ ಕೊಟ್ಟಳು. ನಾನೂ ಎತ್ತಿ ಸುರಿದುಕೊಂಡೆ. ಅರ್ಧ ಮೂಗಿಗೆ, ಅರ್ಧ ಹೊಸ ಬಿಳಿ ಅಂಗಿಗೆ.

ಸಿಲ್ವಿಯಾ ಬಾಯಿ ತೆರೆದು ನಿಂತಿದ್ದಳು. ಇದು ಇಂಡಿಯಾದ ಪದ್ಧತಿಯೇ, ವೈನಿಗೆ ಗಾಳಿ ಬೆರೆಯಲಿ ಎಂದು ಹೀಗೆ ಮಾಡುತ್ತೀರಾ ಎಂದು ಕೇಳಿದಳು. ಗಿರಿಜಾ, "ನೋ, ನೋ. ಸೇಮ್ ಗ್ಲಾಸ್, ನೋ ಜರ್ಮ್ಸ್," ಅಂದಳು. ಸಿಲ್ವಿಯಾ ಪಕ್ಕದ ಕೋಣೆಯಿಂದ ತನ್ನ ತಮ್ಮನನ್ನು ಕರೆದುಕೊಂಡು ಬಂದು ಇನ್ನೊಂದು ಸಲ ಮಾಡಿಸಿದಳು. ಗಿರಿಜಾ ಮತ್ತೆ ಹನಿ ಚೆಲ್ಲದೆ ಮಾಡಿದಳು. ಎಲ್ಲರೂ ಹಳೇ ಪರಿಚಯದವರಂತೆ ಸಲಿಗೆಯಿಂದ ನಗುತ್ತಿದ್ದೆವು. ಆ ಹುರುಪಿನಲ್ಲಿ ನನ್ನ ಬಾಯಿ ಸುಮ್ಮನಿರಲಿಲ್ಲ. ಇವಳು ಆಸ್ಪತ್ರೆಯಲ್ಲಿ ಮ್ಯಾನೇಜರ್, ಇವತ್ತಿನಿಂದಲೇ ಖಾಯಂ, ಎಂದು ಹೇಳಿಬಿಟ್ಟೆ. ಸಿಲ್ವಿಯಾ ಓಡಿಬಂದು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. ರೋಗಿಗಳ ಮನೆಯವರಿಗೆ ಕೊಡುತ್ತಾಳಲ್ಲ, ಅಂಥದೊಂದು ನಗು ಕೊಟ್ಟಳು ಗಿರಿಜಾ.

ಮೇಲಿನ ಚೌಕಕ್ಕೆ ಬಂದಾಗ ಬಿಸಿಲು ಏರಿತ್ತು. ಅಗಲವಾದ ಕಲ್ಲಿನ ಬಯಲು, ಒಂದು ಕಡೆ ಮುಗಿಸದೆ ಬಿಟ್ಟಂತೆ ಕಾಣುವ ದೊಡ್ಡ ಚರ್ಚು, ಇನ್ನೊಂದು ಕಡೆ ಲೇಬಲ್ಲಿನಲ್ಲಿದ್ದ ಅದೇ ಗೋಪುರ.

"ನೀವು ಹತ್ತಿ ಬನ್ನಿ. ನಾನು ಇಲ್ಲೇ ಕೂತಿರ್ತೀನಿ," ಎಂದು ಅವಳು ಚರ್ಚಿನ ಮೆಟ್ಟಿಲಿನ ನೆರಳಲ್ಲಿ ಕೂತಳು.

"ಅಲ್ಲ, ನಿನಗೋಸ್ಕರಾನೇ ಈ ಊರಿಗೆ ಬಂದಿದ್ದು. ನೀನೇ ಅಲ್ವಾ ದುರ್ಗದ ಥರ ಇದೆ ಅಂದಿದ್ದು?"

"ಅಂದಿದ್ದೆ. ನೋಡಿದ್ನಲ್ಲ, ಹೋಗಿ ಬನ್ನಿ."

ಹೋದೆ. ಹಾಳೆಯಲ್ಲಿ ಇತ್ತಲ್ಲ. ಕಿರಿದಾದ ಮೆಟ್ಟಿಲುಗಳನ್ನು ಮೊಣಕಾಲು ಹಿಡಿದುಕೊಂಡು ಹತ್ತಿದೆ. ಮೇಲೆ ಗಾಳಿ ಬೀಸುತ್ತಿತ್ತು. ಸುತ್ತಲೂ ದ್ರಾಕ್ಷಿ ತೋಟದ ಸಾಲುಗಳು, ದೂರದಲ್ಲಿ ಒಂದು ಕೆರೆ ಮಂಕಾಗಿ ಹೊಳೆಯುತ್ತಿತ್ತು. ಫೋಟೋ ತೆಗೆದೆ. ಕೆಳಗೆ ನೋಡಿದರೆ ಮೆಟ್ಟಿಲ ಮೇಲೆ ಗಿರಿಜಾ. ಅಷ್ಟು ಎತ್ತರದಿಂದ ಬಹಳ ಸಣ್ಣಗೆ ಕಂಡಳು. ಚೀಲವನ್ನು ತಲೆಗೆ ಇಟ್ಟುಕೊಂಡು ಕಲ್ಲಿನ ಮೇಲೆಯೇ ಮಲಗಿಬಿಟ್ಟಿದ್ದಳು. ಜನ ಅವಳನ್ನು ಬಳಸಿಕೊಂಡು ಹೋಗುತ್ತಿದ್ದರು. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಹೀಗೆ ಬೀದಿಯಲ್ಲಿ, ಜನರ ಕಣ್ಣೆದುರಿಗೆ ಕಾಲು ಚಾಚಿದ್ದನ್ನು ನಾನು ನೋಡಿರಲಿಲ್ಲ. ನನಗೆ ಒಮ್ಮೆಲೇ ಭಯವಾಯಿತು. ಹತ್ತಿದ್ದಕ್ಕಿಂತ ಬೇಗ ಇಳಿದೆ.

ಪಕ್ಕದಲ್ಲಿ ಕೂತಾಗ ಅವಳು ತಾನಾಗಿಯೇ ಎಚ್ಚರವಾಗಿ ಎದ್ದು ಕೂತು ಸೆರಗಿಲ್ಲದ ಹೆಗಲನ್ನು ಅಭ್ಯಾಸಬಲದಿಂದ ಸರಿಮಾಡಿಕೊಂಡಳು.

"ಹೇಗಿತ್ತು ಮೇಲೆ?"

"ಚೆನ್ನಾಗಿತ್ತು. ಗಿರಿಜಾ, ಹುಷಾರಿಲ್ವಾ ನಿಂಗೆ?"

"ಸುಸ್ತು ರೀ, ಅಷ್ಟೇ." ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಚೌಕದ ಕಡೆ ನೋಡುತ್ತಲೇ ಅಂದಳು, "ಆ ಕೆಲಸ ನಾನು ಒಪ್ಕೊಂಡಿಲ್ಲ. ಬ್ಯಾಡ ಅಂತ ಬರ್ದು ಕಳಿಸೀನಿ. ವಾರಕ್ಕೆ ಮೂರು ದಿನ. ಆಗಸ್ಟಿಂದ."

"ಇವತ್ತಾ? ಯಾವಾಗ ಕಳಿಸ್ದೆ, ತಿಂಡಿ ತಿನ್ನೋವಾಗ ನಿನ್ ಕೈಲಿ ಫೋನೇ ಇರ್ಲಿಲ್ವಲ್ಲ."

"ಇವತ್ತಲ್ಲ. ಮೂರ್ತಿ ಮನಿಂದ ಬಂದ ಸೋಮಾರಾನೇ."

ಅಂದರೆ ಮೇ ತಿಂಗಳಲ್ಲಿ. ಒಂದೂವರೆ ತಿಂಗಳು ನಾವು ಒಂದೇ ಮೇಜಿನಲ್ಲಿ ಊಟ ಮಾಡಿದ್ದೆವು, ಒಂದೇ ಕುಕ್ಕರನ್ನು ಸೂಟ್‌ಕೇಸಿಗೆ ಹಾಕಿದ್ದೆವು. ನಾನು ಸಿಡ್ನಿಯ ಐದು ಗಂಟೆಯನ್ನು ಇಟಲಿಯ ಒಂಬತ್ತಕ್ಕೆ ಇಳಿಸಿಕೊಂಡು ಕಾಯುತ್ತಿದ್ದೆ. ಅಲ್ಲಿ ಕಾಯುವುದಕ್ಕೆ ಏನೂ ಇರಲೇ ಇಲ್ಲ.

"ಹೇಳೋದಲ್ವಾ ನಂಗೆ?"

"ಹೇಳಿದ್ನಲ್ಲ, ಅಡುಗೆಮನೇಲಿ. ಮಾತಾಡೋಣ ಅಂದ್ರಿ." ಅವಳ ದನಿಯಲ್ಲಿ ಆರೋಪವಿರಲಿಲ್ಲ, ವಾರ್ಡಿನಲ್ಲಿ ಶಿಫ್ಟು ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ವರದಿ ಒಪ್ಪಿಸುವಂತಿತ್ತು. "ಕೇಳ್ತೀರೇನೋ ಅಂತ ಕಾದೆ. ರೋಮಲ್ಲಿ ಕೇಳ್ತೀರೇನೋ, ಫ್ಲಾರೆನ್ಸಲ್ಲಿ ಕೇಳ್ತೀರೇನೋ ಅಂತ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ನನ್ ಮುಖ ನೋಡಿದ್ರಲ್ಲ, ಆವಾಗ ಕೇಳೇಬಿಡ್ತೀರ ಅಂದ್ಕೊಂಡೆ."

ನನಗೆ ನಾಚಿಕೆಯಾಯಿತು. ಅಂಗಿಯ ಮೇಲೆ ವೈನಿನ ಕಲೆ ಒಣಗಿ ಬಿರುಸಾಗಿತ್ತು, ಅದನ್ನೇ ಉಜ್ಜುತ್ತಾ ಕೂತೆ. ಅವಳನ್ನು ಮ್ಯಾನೇಜರ್ ಎಂದು ಊರಿಗೆಲ್ಲ ಹೇಳಿದ್ದು ಅವಳ ಮೇಲಿನ ಹೆಮ್ಮೆಯಿಂದ ಎಂದೇ ನಾನು ನಂಬಿದ್ದೆ. ಆ ಮೆಟ್ಟಿಲ ಮೇಲೆ ಅದನ್ನು ಹಾಗೆಂದು ಹೇಳುವ ಧೈರ್ಯ ಬರಲಿಲ್ಲ.

"ಕೋಪಾನಾ?" ಅಂದೆ ಕೊನೆಗೆ.

"ಇಲ್ಲ ಕಣ್ರೀ. ಕೋಪ ಮಾಡ್ಕೊಳ್ಳೋಕೂ ಸುಸ್ತು."

ಆ ಪುಟ್ಟ ಬಸ್ಸು ಚೌಕಕ್ಕೆ ಬಂದು ಮುದುಕಿಯರನ್ನು ಇಳಿಸಿ, ಬೇರೆ ಮುದುಕಿಯರನ್ನು ಹತ್ತಿಸಿಕೊಂಡು ಹೋಯಿತು. ಹಾಳೆಯ ಪ್ರಕಾರ ಆ ಹೊತ್ತಿಗೆ ನಾವು ಊರ ಕೆಳಗಿನ ಇನ್ನೊಂದು ಚರ್ಚಿನಲ್ಲಿ ಇರಬೇಕಿತ್ತು. ಅದರಾಚೆ ಮ್ಯೂಸಿಯಂ, ಅದರಾಚೆ ಇನ್ನೂ ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ ಹಸಿರಾಗದ ಒಂಬತ್ತು ಚೌಕ.

"ಗಿರಿಜಾ," ಅಂದೆ. "ನಾಳೆ ನಿನಗೆ ಏನು ಮಾಡ್ಬೇಕು ಅನ್ಸತ್ತೆ?"

ಅವಳು ತಿರುಗಿ ನನ್ನ ಮುಖ ನೋಡಿದಳು, ತಮಾಷೆ ಮಾಡುತ್ತಿದ್ದೇನೆಯೇ ಎಂದು ಪರೀಕ್ಷಿಸುವವಳ ಹಾಗೆ. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಹಣೆ ಗಂಟಿಕ್ಕಿ ಯೋಚಿಸಲು ಹೊರಟಳು. ಬಹಳ ಹೊತ್ತು ಯೋಚಿಸಿದಳು.

"ತಟ್ಟಂತ ಕೇಳಿದ್ರೆ ಹೊಳೆಯಂಗಿಲ್ಲ. ಯೋಚ್ನೆ ಮಾಡಿ ಹೇಳ್ತೀನಿ," ಅಂದಳು, ಮತ್ತು ನನ್ನ ಹೆಗಲಿಗೆ ಒರಗಿ ಕಣ್ಣು ಮುಚ್ಚಿದಳು.

ನಾನು ಎಬ್ಬಿಸಲಿಲ್ಲ. ಅವಳು ಯೋಚನೆ ಮಾಡಿ ಹೇಳುವವರೆಗೂ ಅಲ್ಲೇ ಕೂತಿದ್ದೆ.